ಮೂರನೇ ಸಾಲಿನ ಅಪಸ್ವರ

ಜನವರಿ 7, ಭಾನುವಾರ

ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿಯುವಾಗ ಏಳು ಮಂದಿ ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ನನಗೆ ಕರುಣೆಯ ವರ ಇದೆಯಂತೆ. ನನಗೆ! ಗಿರಾಕಿ ಎರಡನೇ ಸಲ 'ರೆಡಿಯಾಯ್ತಾ' ಅಂದರೆ ಗಡಿಯಾರವನ್ನು ರಿಪೇರಿ ಮಾಡದೆ ಹಾಗೇ ಅವನ ಕೈಗಿಟ್ಟು ಕಳಿಸುವ ನನಗೆ.

ಇದಕ್ಕೆಲ್ಲ ಮೂಲ ಆ ಪ್ರಶ್ನಾವಳಿ. ದೇವರು ಒಬ್ಬೊಬ್ಬರಿಗೂ ಒಂದೊಂದು ಕೃಪಾವರ ಕೊಟ್ಟಿರುತ್ತಾನೆ, ಅದು ಯಾವುದೆಂದು ತಿಳಿದುಕೊಂಡು ಸೇವೆಗೆ ಇಳಿಯಬೇಕು ಎಂದು ಸಭಾಪಾಲಕರು ಹೋದ ತಿಂಗಳು ಎಲ್ಲರಿಗೂ ಎರಡೆರಡು ಹಾಳೆ ಹಂಚಿದ್ದರು. ಎಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ನಾನೂ ನನ್ನವಳೂ ಊಟದ ಮೇಜಿನಲ್ಲಿ ಎದುರುಬದುರು ಕೂತು ತುಂಬಿದೆವು. ಸಭೆಯ ಕಾರ್ಯದರ್ಶಿ ಟೀಚರಮ್ಮ, ಶಾಲೆಯಿಂದ ನಿವೃತ್ತರಾದರೂ ಕೆಂಪು ಪೆನ್ನು ಬಿಡದವರು, ಎಲ್ಲವನ್ನೂ ಕೂಡಿಸಿ ಪಟ್ಟಿ ಮಾಡಿದರು. ಬೀದಿಯಲ್ಲಿ ಬೆಕ್ಕು ಕುಂಟಿದರೂ ಕಣ್ಣೊರೆಸಿಕೊಳ್ಳುವ ನನ್ನವಳಿಗೆ ಆಡಳಿತದ ವರ ಬಂದಿದೆ. ಕುರ್ಚಿ ಜೋಡಿಸುವವರಿಗೆಲ್ಲ ಅವಳೇ ಮೇಲ್ವಿಚಾರಕಿ.

ನನ್ನ ಸೇವೆ ಇದು: ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಎರಡರಿಂದ ಆರು, ನಮ್ಮ ಸಭೆಯ ಗಾಯನ ಮೇಷ್ಟ್ರ ಹಾಸಿಗೆ ಪಕ್ಕ ಕೂರುವುದು. ಅವರಿಗೆ ಪಾರ್ಶ್ವವಾಯು ಬಡಿದು ಐದು ತಿಂಗಳಾಯಿತು. ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ. ಬೇಕರಿಯಲ್ಲಿ ದುಡಿಯುವ ಮಗಳಿಗೆ ಆ ಎರಡು ದಿನ ಮಧ್ಯಾಹ್ನದ ಪಾಳಿ. ಸಭೆಯಲ್ಲಿ ಇನ್ನೂರು ಜನ ಇದ್ದಾರೆ. ಹೋಗಿ ಹೋಗಿ ಆ ಮನುಷ್ಯನ ಪಕ್ಕಕ್ಕೆ ನನ್ನನ್ನೇ ಹಾಕಬೇಕಿತ್ತೇ?

ಸೇವೆಯ ಅನುಭವ ಬರೆಯಿರಿ ಎಂದು ಈ ಪುಸ್ತಕ ಕೊಟ್ಟಿದ್ದಾರೆ. ಬರೆಯುತ್ತೇನೆ, ಆದರೆ ಅವರಿಗೆ ತೋರಿಸುವುದಿಲ್ಲ. ಅಂಗಡಿಯಲ್ಲಿ ಕೆಟ್ಟ ಸ್ಪ್ರಿಂಗುಗಳ ಡ್ರಾಯರಿನಲ್ಲಿ ಇಡುತ್ತೇನೆ.

ಜನವರಿ 9, ಮಂಗಳವಾರ

ಅರವತ್ತೆರಡು ಮೆಟ್ಟಿಲು. ಮೂರನೇ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಕಿಟಕಿ. ಮಗಳು ಔಷಧಿ, ನೀರು, ಮೂತ್ರದ ಪಾತ್ರೆ ಎಲ್ಲ ತೋರಿಸಿ ಚಪ್ಪಲಿ ಮೆಟ್ಟಿ ಹೊರಟಳು. ಬಾಗಿಲು ಹಾಕಿಕೊಂಡ ಸದ್ದು, ಅದರ ಹಿಂದೆಯೇ ಬೀಗದೊಳಗೆ ಕೀ ತಿರುಗಿದ ಸದ್ದು. ಹಿಡಿ ಎಳೆದು ನೋಡಿದೆ. ಹೊರಗಿನಿಂದ ಬೀಗ!

ನಾಲ್ಕು ಗಂಟೆ ಕಾಲ ಒಳಗೊಳಗೇ ಬೇಯುತ್ತಾ ಕೂತೆ. ಆರಕ್ಕೆ ಅವಳು ಬಂದ ಕೂಡಲೇ ಜಾಡಿಸಿದೆ. ನಾನೇನು ಕಳ್ಳನಾ, ಬೆಂಕಿ ಬಿದ್ದರೆ ಏನು ಗತಿ ಎಂದೆ. ಬೇಕರಿ ಬೀದಿಯ ಆಚೆ ಬದಿಯಲ್ಲೇ ಇದೆಯಂತೆ, ಕಿಟಕಿಯಿಂದ ಕೂಗಿದರೆ ಸಾಕಂತೆ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದಳು:

"ಹಿಂದೆ ಬಂದಿದ್ದ ಇಬ್ರೂ ಅರ್ಧಕ್ಕೇ ಎದ್ದು ಹೋಗ್ಬಿಟ್ರು ಅಂಕಲ್. ಒಂದಿನ ಬಂದು ನೋಡಿದ್ರೆ ಅಪ್ಪ ನೆಲದ ಮೇಲಿದ್ರು. ಎಷ್ಟು ಹೊತ್ತಿನಿಂದಾನೋ ಗೊತ್ತಿಲ್ಲ. ಈ ಕೆಲ್ಸ ಹೋದ್ರೆ ಮನೆ ನಡೆಯಲ್ಲ. ಅಣ್ಣ ಕಾಯ್ತಾನೇ ಇದಾನೆ, ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸ್ಬೇಕು ಅಂತ. ಆರು ಗಂಟೆ ಪ್ರಯಾಣ. ಅಲ್ಲಿ ಹಾಕಿದ್ರೆ ನಾನು ಅವರನ್ನ ನೋಡೋದೇ ಇಲ್ಲ."

ಶುಕ್ರವಾರ ಬರುತ್ತೇನೆ ಎಂದು ಮೆಟ್ಟಿಲಿಳಿದೆ.

ಜನವರಿ 12, ಶುಕ್ರವಾರ

ಮೇಷ್ಟ್ರಿಗೆ ನನ್ನ ಗುರುತು ಇದೆಯೋ ಇಲ್ಲವೋ ತಿಳಿಯದು. ಕಣ್ಣು ಮಾತ್ರ ನನ್ನ ಹಿಂದೆಯೇ ಸುತ್ತುತ್ತದೆ. ಏನು ಕೇಳಿದರೂ 'ಆಂ'. ನೀರು ಬೇಕಾ, ಆಂ. ಬೇಡವಾ, ಆಂ.

ನನಗಂತೂ ಅವರ ಗುರುತು ಚೆನ್ನಾಗಿದೆ. ಮೂವತ್ತೊಂದು ವರ್ಷದ ಹಿಂದೆ ನಾನು ಗಾಯನ ಮಂಡಳಿಗೆ ಸೇರಿದ್ದೆ. ನಿಜ ಹೇಳಬೇಕೆಂದರೆ ಮೊದಲನೇ ಸಾಲಿನಲ್ಲಿ ಹಾಡುತ್ತಿದ್ದ ಹುಡುಗಿಗಾಗಿ ಸೇರಿದ್ದೆ, ಆದರೆ ಹಾಡುವ ಆಸೆಯೂ ಇತ್ತು. ಮೂರನೇ ಅಭ್ಯಾಸದ ದಿನ ಮೇಷ್ಟ್ರು ಪೆನ್ಸಿಲಿನಿಂದ ಹಾರ್ಮೋನಿಯಂ ಮೇಲೆ ಟಕ್ ಟಕ್ ಟಕ್ ಎಂದು ಮೂರು ಸಲ ತಟ್ಟಿ ಎಲ್ಲರನ್ನೂ ನಿಲ್ಲಿಸಿದರು. "ಮೂರನೇ ಸಾಲಿನಲ್ಲಿ ಒಬ್ಬರು ಬೇರೇನೇ ಹಾಡ್ತಿದಾರೆ. ಅವರು ದಯವಿಟ್ಟು ಬಾಯಿ ಮಾತ್ರ ಆಡಿಸ್ಲಿ." ಎಲ್ಲರೂ ತಿರುಗಿ ನೋಡಿ ನಕ್ಕರು. ಅವಳೂ ನಕ್ಕಳು. ಆಮೇಲೆ ನನ್ನನ್ನೇ ಮದುವೆಯಾದಳು, ಆ ಮಾತು ಬೇರೆ.

ಅವತ್ತಿನಿಂದ ಇವತ್ತಿನವರೆಗೆ ಪ್ರತಿ ಭಾನುವಾರ ಬರೀ ಬಾಯಿ ಆಡಿಸುತ್ತಾ ಬಂದಿದ್ದೇನೆ. ಈಗ ಆ ಮನುಷ್ಯನ ಬಾಯಿ ಒರೆಸುತ್ತಾ, ಬೀಗ ಹಾಕಿದ ಕೋಣೆಯಲ್ಲಿ ಕೂತಿದ್ದೇನೆ.

ಜನವರಿ 19, ಶುಕ್ರವಾರ

ಹೋದೆ. ಕೂತೆ. ಬಂದೆ.

ಜನವರಿ 30, ಮಂಗಳವಾರ

ಬೆಳಿಗ್ಗೆ ಸಭಾಪಾಲಕರ ಹತ್ತಿರ ಹೋಗಿ, ಈ ವರ ನನ್ನ ಕೈಲಿ ಹೊರಲು ಆಗುವುದಿಲ್ಲ, ವಾಪಸ್ ತೆಗೆದುಕೊಳ್ಳಿ ಎಂದೆ. ಅವರು ಜೋರಾಗಿ ನಕ್ಕು ಬೆನ್ನು ತಟ್ಟಿದರು. ಮೊದಮೊದಲು ಎಲ್ಲರಿಗೂ ಭಾರವೇ ಅಂತೆ, ಕೊಟ್ಟ ವರವನ್ನು ಹೂತಿಡಬಾರದಂತೆ. ಕೊನೆಗೆ ನನಗಾಗಿಯೇ ಪ್ರಾರ್ಥನೆ ಮಾಡಿಬಿಟ್ಟರು. ಪ್ರಾರ್ಥನೆ ನಡೆಯುವಾಗ ಎದ್ದು ಬರಲಾದೀತೇ? ಅಲ್ಲೂ ಸಿಕ್ಕಿಹಾಕಿಕೊಂಡೆ.

ಮಧ್ಯಾಹ್ನ ಮತ್ತೆ ಕೀ ತಿರುಗಿದ ಸದ್ದು. ಮೂವತ್ತೈದು ವರ್ಷದಿಂದ ಬೀಗಕ್ಕಿಂತಲೂ ಸಣ್ಣ ಯಂತ್ರಗಳ ಜೊತೆ ಬಾಳಿದವನು ನಾನು. ಬೇಕೆಂದರೆ ಆ ಬೀಗವನ್ನು ಚಿಮುಟದಲ್ಲಿ ಐದು ನಿಮಿಷಕ್ಕೆ ಬಿಚ್ಚಬಲ್ಲೆ. ಹಿಡಿಯ ಹತ್ತಿರ ಹೋಗಿ ನೋಡಿಯೂ ನೋಡಿದೆ. ಹಿಂದೆ ತಿರುಗಿದರೆ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಬಂದು ಕೂತೆ. ಇನ್ನು ಮೇಲೆ ಅಂಗಡಿಯ ಕೆಲಸವನ್ನಾದರೂ ಇಲ್ಲಿಗೆ ತರಬೇಕು. ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಫೆಬ್ರವರಿ 6, ಮಂಗಳವಾರ

ಕಿಟಕಿಯ ಬಳಿ ಸ್ಟೂಲ್ ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಒಂದು ಹಳೆಯ ಕೈಗಡಿಯಾರ ಬಿಚ್ಚಿದೆ. ಕೆಲಸ ಮಾಡುವಾಗ ಗುನುಗುವುದು ನನ್ನ ಅಭ್ಯಾಸ. ಯಾರೂ ಇಲ್ಲದಾಗ ಮಾತ್ರ. ಕೋಣೆಯಲ್ಲಿ ಮೇಷ್ಟ್ರಿದ್ದಾರೆ ಎಂಬುದು ಮರೆತೇಹೋಗಿತ್ತು. 'ಕುರುಬನೇ, ನಿನ್ನ ಹೆಜ್ಜೆಯ ಸದ್ದು ಕೇಳಿದೆ' ಎಂದು ಮಂಡಳಿಯ ಹಳೆಯ ಗೀತೆ ಬಾಯಿಗೆ ಬಂತು.

ಟಕ್ ಟಕ್ ಟಕ್. ಮಂಚದ ಕಬ್ಬಿಣದ ಸರಳಿಗೆ ಅವರ ಎಡಗೈಯ ಉಂಗುರ. ಮೂತ್ರಕ್ಕಿರಬೇಕೆಂದು ಪಾತ್ರೆ ಹಿಡಿದೆ, ಮುಖ ತಿರುಗಿಸಿದರು. ನೀರು ಕೊಟ್ಟೆ, ಉಗುಳಿದರು. ದಿಂಬು ಸರಿ ಮಾಡಿದೆ. ಮತ್ತೆ ಕೂತು ಗುನುಗಿದೆ. ಮತ್ತೆ ಟಕ್ ಟಕ್ ಟಕ್. ಸಂಜೆಯವರೆಗೆ ಇದೇ ಆಯಿತು. ಗಡಿಯಾರದ ಒಂದು ಸ್ಕ್ರೂ ಕೂಡ ಕೂರಲಿಲ್ಲ.

ಮನೆಗೆ ಬರುವಾಗ ಮೆಟ್ಟಿಲ ಮೇಲೆ ಹೊಳೆಯಿತು. ಅವರು ನನ್ನನ್ನು ನಿಲ್ಲಿಸುತ್ತಿದ್ದಾರೆ. ಮೂವತ್ತೊಂದು ವರ್ಷ ಆದಮೇಲೂ, ಅರ್ಧ ಮೈ ಬಿದ್ದುಹೋದಮೇಲೂ, ಬಾಯಿ ಮಾತ್ರ ಆಡಿಸು ಎನ್ನುತ್ತಿದ್ದಾರೆ! ಊಟ ಸೇರಲಿಲ್ಲ.

ಫೆಬ್ರವರಿ 9, ಶುಕ್ರವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಸೇವೆಯ ಮನಸ್ಸಿನಿಂದ ಮಾಡಿದ್ದಲ್ಲ, ಹಳೆಯ ಸಿಟ್ಟಿಗೆ ಮಾಡಿದ್ದು.

ಮಗಳು ಬೀಗ ಹಾಕಿ ಹೋದಳು. ನಾನು ಸ್ಟೂಲನ್ನು ಕಿಟಕಿಯಿಂದ ತೆಗೆದು ಮಂಚದ ಪಕ್ಕಕ್ಕೇ ಹಾಕಿಕೊಂಡೆ. ಇವತ್ತು ನೀವೂ ಎದ್ದು ಹೋಗೋ ಹಾಗಿಲ್ಲ, ನಾನೂ ಹೋಗೋ ಹಾಗಿಲ್ಲ, ಕೇಳಿ ಮೇಷ್ಟ್ರೇ ಎಂದು ಗಂಟಲು ಬಿಚ್ಚಿ ಹಾಡಿದೆ. ಬೇಕಂತಲೇ ಜೋರಾಗಿ. 'ಹೆಜ್ಜೆಯ' ಅನ್ನುವಲ್ಲಿ ಸ್ವರ ಮೇಲೆ ಹೋಗಬೇಕೆಂದು ಗೊತ್ತು, ನನ್ನದು ಯಾವಾಗಲೂ ಕೆಳಗೆ ಬೀಳುತ್ತದೆ. ಅವರು ಮೂರು ಸಲ ತಟ್ಟಿದರು. ನಾನು ನಿಲ್ಲಿಸಲಿಲ್ಲ. ಆರು ಸಲ ತಟ್ಟಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ನಾನು ಎರಡನೇ ಸಾಲಿಗೆ ಹೋದೆ: 'ಬಾಗಿಲ ತೆರೆದು ಕಾದಿರುವೆ.' ಈ ಮನೆಯಲ್ಲಿ ಆ ಸಾಲು ಹಾಡಲು ನಗು ಬಂತು. ಮತ್ತೆ ಮೊದಲ ಸಾಲಿಗೆ ಬಂದು 'ಹೆಜ್ಜೆಯ' ಎಂದು ಇನ್ನಷ್ಟು ಕೆಳಗೆ ಎಳೆದೆ.

ಆಗ ಮೇಷ್ಟ್ರು ಹಾಡಿದರು.

'ಆಂ' ಅಲ್ಲ. ಹಾಡಿದರು. 'ಕುರುಬನೇ, ನಿನ್ನ ಹೆಜ್ಜೆಯ ಸದ್ದು ಕೇಳಿದೆ.' ಒಂದೊಂದು ಅಕ್ಷರವೂ ನೆಟ್ಟಗೆ. ದನಿ ಒಡಕು, ಬಾಯಿ ಒಂದು ಕಡೆಗೆ ವಾಲಿದೆ, ಆದರೆ 'ಹೆಜ್ಜೆಯ' ಇರಬೇಕಾದಲ್ಲಿ ಇತ್ತು. ಐದಾರು ತಿಂಗಳಿಂದ ಒಂದು ಮಾತೂ ಆಡದ ಬಾಯಿ. ಹಾಡಿ ಮುಗಿಸಿ ನನ್ನನ್ನು ದುರುಗುಟ್ಟಿ ನೋಡಿದರು, ಅರ್ಥವಾಯಿತಾ ಎನ್ನುವ ಹಾಗೆ.

ಮೇಷ್ಟ್ರೇ, ಇನ್ನೊಂದ್ಸಲ ಎಂದೆ. ಅವರು ಬಾಯಿ ತೆರೆದರು, 'ಆಂ' ಎಂದರು. ನಾನು ತಪ್ಪಾಗಿ ಹಾಡಿದೆ. ಕೂಡಲೇ ಸರಿಯಾಗಿ ಹಾಡಿ ತೋರಿಸಿದರು.

ಫೆಬ್ರವರಿ 13, ಮಂಗಳವಾರ

ಮೇಷ್ಟ್ರು ಇವತ್ತು ಅದೇ ರಾಗದಲ್ಲಿ 'ನೀರು ಬೇಕು' ಎಂದರು. ನಾನೇ ಹೇಳಿಕೊಟ್ಟೆ. 'ಸದ್ದು ಕೇಳಿದೆ' ಬರುವ ಜಾಗದಲ್ಲಿ 'ನೀರು ಬೇಕು' ಎಂದು ತಪ್ಪಾಗಿ ಹಾಡಿದೆ, ಅವರು ತಿದ್ದಿದರು. ಕುಡಿದರು. ಈ ಸಲ ಉಗುಳಲಿಲ್ಲ.

ಆರಕ್ಕೆ ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ. ಅವಳ ಮುಂದೆ ನಾನು ಹಾಡಲು ಒಪ್ಪಲಿಲ್ಲ, ಅವಳೇ ಹಾಡಿ ನೋಡಿದಳು. ಇಂಪಾದ ಗಂಟಲು. ಮೇಷ್ಟ್ರು ಸುಮ್ಮನೆ ಕೇಳಿಸಿಕೊಂಡರು. ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಮಾತು ಹೋದವರಲ್ಲೂ ಹಾಡು ಉಳಿದಿರುವುದುಂಟು, ಏನೋ ಒಂದು ಕಾರಣಕ್ಕೆ ಒಳಗಿನಿಂದ ಎದ್ದು ಬರಬೇಕು ಎಂದರಂತೆ ಅವರು. ಫೋನ್ ಇಟ್ಟವಳು ಯೋಚಿಸಿ ಯೋಚಿಸಿ ಕಿಸಕ್ಕನೆ ನಕ್ಕಳು. "ಹಾಗಾದ್ರೆ ಅಂಕಲ್, ನೀವು ಹಾಡೋದು ಅವರ ಕೈಲಿ ತಡ್ಕೊಳ್ಳೋಕೇ ಆಗ್ತಿಲ್ಲ!"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು. ಆದರೂ ಚುಚ್ಚಿತು. ಮೂವತ್ತೊಂದು ವರ್ಷದ ಹಿಂದೆ ಅವಳಪ್ಪ ನಗಿಸಿದರು, ಈಗ ಮಗಳು ನಗುತ್ತಾಳೆ. ದೇವರು ಒಬ್ಬರಿಗೆ ಬೋಧನೆ ಕೊಟ್ಟ, ಒಬ್ಬರಿಗೆ ಸ್ವಸ್ಥಪಡಿಸುವ ಕೈ ಕೊಟ್ಟ, ನನಗೆ ಕೊಟ್ಟದ್ದು ಕತ್ತೆಯ ಕಂಠ.

ಫೆಬ್ರವರಿ 18, ಭಾನುವಾರ

ಬಿಡುಗಡೆ ಸಿಕ್ಕಿತು!

ಆರಾಧನೆ ಮುಗಿದ ಮೇಲೆ ಟೀಚರಮ್ಮ ಎಲ್ಲರ ಪ್ರಶ್ನಾವಳಿ ವಾಪಸ್ ಕೊಟ್ಟರು. ನನ್ನದನ್ನು ತೆರೆದರೆ ಮೊದಲ ಹಾಳೆ ನನ್ನದು, ಎರಡನೆಯದು ನನ್ನದಲ್ಲ. ಐದರ ಅಂಕಿಯ ಬಾಲ ಸುರುಳಿ ಸುತ್ತಿದೆ, ಅದು ನನ್ನವಳ ಕೈಬರಹ. 'ಅಳುವವರ ಜೊತೆ ಎಷ್ಟು ಹೊತ್ತು ಕೂತರೂ ನನಗೆ ಬೇಸರವಿಲ್ಲ' ಎಂಬುದಕ್ಕೆ ಐದು. ನಾನು ಅದಕ್ಕೆ ಸೊನ್ನೆ ಹಾಕಿದ್ದು ಚೆನ್ನಾಗಿ ನೆನಪಿದೆ. ಹೆಸರು ಇರುವುದು ಮೊದಲ ಹಾಳೆಯಲ್ಲಿ ಮಾತ್ರ. ಟೀಚರಮ್ಮ ಪಿನ್ ಹೊಡೆಯುವಾಗ ನಮ್ಮಿಬ್ಬರ ಎರಡನೇ ಹಾಳೆ ಅದಲುಬದಲಾಗಿದೆ. ಕರುಣೆ ಅವಳದ್ದು, ಕುರ್ಚಿ ಜೋಡಿಸುವುದು ನನ್ನದು.

ಟೀಚರಮ್ಮನ ಮುಖ ಚಿಕ್ಕದಾಯಿತು. ಸಭಾಪಾಲಕರು ಕ್ಷಮೆ ಕೇಳಿದರು. ಮಂಗಳವಾರದಿಂದ ನನ್ನವಳು ಹೋಗುವುದೆಂದು ತೀರ್ಮಾನವಾಯಿತು. ಮಗಳ ಕೆಲಸಕ್ಕೂ ತೊಂದರೆಯಿಲ್ಲ. ನನ್ನವಳು ಮಾತ್ರ ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ನಿಮಗೆ ನಿಜವಾಗ್ಲೂ ಸಾಕಾಗಿದ್ಯೇನ್ರೀ?" ಸಾಕಾಗಿದೆ ಎಂದೆ. ಎರಡು ಸಲ ಹೇಳಿದೆ.

ಫೆಬ್ರವರಿ 20, ಮಂಗಳವಾರ

ಇಡೀ ಮಧ್ಯಾಹ್ನ ಅಂಗಡಿಯಲ್ಲಿ. ಬಾಗಿಲು ಹಾರು ಹೊಡೆದಿತ್ತು, ಗಾಳಿ ಬರುತ್ತಿತ್ತು. ಎರಡು ಗಂಟೆಗೆ ಸುಮ್ಮನೆ ಎದ್ದು ನಿಂತೆ, ಮತ್ತೆ ಕೂತೆ. ಗಿರಾಕಿಯೊಬ್ಬನ ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗ್ ಕೈಯಲ್ಲೇ ಸೊಟ್ಟಗಾಯಿತು. ಹತ್ತು ವರ್ಷದಲ್ಲಿ ಇದೇ ಮೊದಲು. ಹವಾಮಾನ ಸರಿಯಿಲ್ಲ.

ಫೆಬ್ರವರಿ 23, ಶುಕ್ರವಾರ

ನನ್ನವಳು ಮೇಷ್ಟ್ರಿಗೆ ಮೈ ಒರೆಸಿ, ಉಗುರು ಕತ್ತರಿಸಿ, ಕಿಟಕಿಗೆ ಹೊಸ ಪರದೆ ಹಾಕಿ ಬಂದಿದ್ದಾಳೆ. ಆರು ವಾರದಲ್ಲಿ ನನಗೆ ಇದೊಂದೂ ತೋಚಿರಲಿಲ್ಲ. ನಾಲ್ಕು ಗೀತೆ ಹಾಡಿದಳಂತೆ. ಮೇಷ್ಟ್ರು?

"ಕಣ್ಣು ಮುಚ್ಕೊಂಡು ಹಾಯಾಗಿ ಮಲಗಿಬಿಟ್ರು."

ಏನೂ ಹಾಡಲಿಲ್ಲವಾ? ಇಲ್ಲ. ನೀರು ಕೇಳಲಿಲ್ಲವಾ? ಇಲ್ಲ. ಸರಳು ತಟ್ಟಲಿಲ್ಲವಾ? ಒಂದು ಸಲವೂ ಇಲ್ಲ. ಸ್ವಲ್ಪ ತಪ್ಪು ಹಾಡಬೇಕಿತ್ತು ಎಂದೆ. ಹೇಗೆ ತಪ್ಪು ಹಾಡಲಿ, ನನಗೆ ಬರುವುದಿಲ್ಲ ಎಂದಳು. ಪ್ರಯತ್ನಪಟ್ಟಳಂತೆ ಪಾಪ, ಅದೂ ಒಂಥರಾ ಚೆನ್ನಾಗೇ ಕೇಳಿಸಿತಂತೆ.

ಫೆಬ್ರವರಿ 27, ಮಂಗಳವಾರ

ಮಗಳು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಅಂಗಡಿಗೆ ಬಂದಳು. ಅವಳಣ್ಣ ಶುಕ್ರವಾರ ವ್ಯಾನ್ ತರುತ್ತಾನಂತೆ. ಆಶ್ರಮದಲ್ಲಿ ಜಾಗ ಗೊತ್ತಾಗಿದೆ. ಅಪ್ಪನಿಗೆ ಏನೂ ತಿಳಿಯುವುದಿಲ್ಲ, ಎಲ್ಲಿದ್ದರೂ ಒಂದೇ ಎನ್ನುವುದು ಅವನ ವಾದ. ಅಪ್ಪ ಹಾಡುತ್ತಾರೆ ಎಂದು ಇವಳು ಹೇಳಿದಳಂತೆ. ನೀನೇ ಕೇಳಿದ್ದೀಯಾ ಎಂದನಂತೆ. ಇವಳು ಕೇಳಿಲ್ಲ. ಕೇಳಿರುವವನು ನಾನೊಬ್ಬನೇ.

"ಅವತ್ತು ನಕ್ಕಿದ್ದು ತಪ್ಪಾಯ್ತು ಅಂಕಲ್," ಎಂದಳು. ಕಣ್ಣಲ್ಲಿ ನೀರು ನಿಂತಿತ್ತು.

ನೋಡೋಣ ಎಂದೆ. ಅವಳು ಹೋದಮೇಲೆ ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ಏನನ್ನೋ ನೋಡುತ್ತಾ ಕೂತಿದ್ದೆ. ಮೇಜಿನ ಮೇಲೆ ಗಡಿಯಾರವೇ ಇರಲಿಲ್ಲ.

ಮಾರ್ಚ್ 1, ಶುಕ್ರವಾರ

ಆ ಚಿಕ್ಕ ಕೋಣೆಯಲ್ಲಿ ಆರು ಜನ. ಮೇಷ್ಟ್ರು, ಮಗಳು, ಮಗ, ಸಭಾಪಾಲಕರು, ನನ್ನವಳು, ನಾನು. ಮೇಷ್ಟ್ರ ಬಟ್ಟೆ ಆಗಲೇ ಚೀಲಕ್ಕೆ ಸೇರಿತ್ತು. ಮಗ ಕೆಟ್ಟವನಲ್ಲ, ದಣಿದವನು. ಅಪ್ಪನ ಮುಂದೆ ಬಗ್ಗಿ ನಾನ್ಯಾರು ಹೇಳಿ ಎಂದು ಮೂರು ಸಲ ಕೇಳಿದ. ಆಂ, ಆಂ, ಆಂ. ಅವನು ತಂಗಿಯ ಕಡೆ ತಿರುಗಿ ನೋಡಿದ. ನನ್ನವಳು ಮೆಲ್ಲಗೆ ನನ್ನ ಮೊಣಕೈ ಮುಟ್ಟಿದಳು.

ಬೀಗ ಹಾಕಿದ ಕೋಣೆಯಲ್ಲಿ ಒಬ್ಬನೇ ಕಿರುಚುವುದು ಬೇರೆ. ಇಲ್ಲಿ ಬಾಗಿಲು ತೆರೆದಿದೆ, ಎಲ್ಲರ ಕಣ್ಣು ನನ್ನ ಬಾಯಿಯ ಮೇಲಿದೆ. ಕಷ್ಟಪಟ್ಟು ಶುರು ಮಾಡಿದೆ. ಹಾಳಾದ್ದು, ಇವತ್ತು ಹೆದರಿಕೆಗೋ ಏನೋ ಮೊದಲ ಸಾಲು ಸರಿಯಾಗಿ ಬಂದುಬಿಟ್ಟಿತು! ಮೇಷ್ಟ್ರು ಕಣ್ಣು ಮುಚ್ಚಿದರು. ಮಗ ಚೀಲಕ್ಕೆ ಕೈ ಹಾಕಿದ. ಇಷ್ಟು ಚೆನ್ನಾಗಿ ಜೀವಮಾನದಲ್ಲೇ ಹಾಡಿರಲಿಲ್ಲ, ಇವತ್ತೇ ಬರಬೇಕಿತ್ತೇ ಎಂದು ಸಿಟ್ಟು ನೆತ್ತಿಗೇರಿತು. ಕಣ್ಣು ಮುಚ್ಚಿಕೊಂಡು, ಯಾರಿದ್ದಾರೆ ಎಂಬುದನ್ನೂ ಬಿಟ್ಟು, ನನ್ನ ಗಂಟಲು ಎಲ್ಲಿಗೆ ಹೋಗುತ್ತದೋ ಹೋಗಲಿ ಎಂದು ಹಾಡಿದೆ. 'ಹೆಜ್ಜೆಯ' ತನ್ನ ಪಾಡಿಗೆ ತಾನು ಕೆಳಗೆ ಬಿತ್ತು.

ಟಕ್ ಟಕ್ ಟಕ್.

ಮಗ ಬೆಚ್ಚಿಬಿದ್ದು ನೆಟ್ಟಗೆ ನಿಂತ. ಅವನೂ ಚಿಕ್ಕಂದಿನಲ್ಲಿ ಮಂಡಳಿಯಲ್ಲಿದ್ದವನೇ. ಮೇಷ್ಟ್ರು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ನಾನು ಬಿಡದೆ ಎರಡನೇ ಸಾಲನ್ನು ಕೆಡಿಸಿದೆ. ಅವರು ಅದನ್ನೂ ಎತ್ತಿದರು, ಆದರೆ ಮಗನ ಕೈಯಲ್ಲಿದ್ದ ಚೀಲ ನೋಡುತ್ತಾ ನಡುವೆ ಪದ ಬದಲಾಯಿಸಿದರು. ಅದೇ ರಾಗ, ಅದೇ ಜಾಗ: "ಇಲ್ಲೇ... ಇಲ್ಲೇ... ಇರುವೆ." ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮಗ ಚೀಲ ಕೆಳಗಿಟ್ಟು ಮಂಚದ ಅಂಚಿಗೆ ಕೂತು ಅತ್ತ. ಮಗಳೂ ಅತ್ತಳು. ಸಭಾಪಾಲಕರು ಕನ್ನಡಕ ಒರೆಸಿಕೊಂಡರು. ವ್ಯಾನ್ ಖಾಲಿ ಹೋಯಿತು.

ಮಾರ್ಚ್ 3, ಭಾನುವಾರ

ಟೀಚರಮ್ಮ ಕೆಂಪು ಪೆನ್ನು ಹಿಡಿದು ಬಂದರು. ನನ್ನ ಹೆಸರಿನ ಮುಂದೆ ಯಾವ ವರ ಎಂದು ಬರೆಯಬೇಕಂತೆ. ಪಟ್ಟಿಯಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲವಂತೆ. ಖಾಲಿ ಬಿಡಿ ಎಂದೆ.

ಮೂರನೇ ಗೀತೆಯ ಹೊತ್ತಿಗೆ ಮುಂದಿನ ಸಾಲಿನ ಹುಡುಗಿ ಎರಡು ಸಲ ತಿರುಗಿ ನನ್ನನ್ನು ನೋಡಿದಳು. ಈಗಿನ ಮಕ್ಕಳಿಗೆ ಆರಾಧನೆಯಲ್ಲಿ ಗಮನವೇ ಇರುವುದಿಲ್ಲ. ನನ್ನವಳು ಯಾಕೋ ನನ್ನ ಕೈ ಹಿಡಿದುಕೊಂಡಿದ್ದಳು.

ಮಾರ್ಚ್ 5, ಮಂಗಳವಾರ

ಇವತ್ತಿನಿಂದ ಮತ್ತೆ ನಾನೇ. ಮಗಳು ಹೊಸ ಕೀ ಮಾಡಿಸಿ ಕೊಟ್ಟಳು. ಇನ್ನು ಹೊರಗಿನಿಂದ ಬೀಗ ಹಾಕುವುದಿಲ್ಲ, ನಿಮಗೆ ಬೇಕೆನಿಸಿದಾಗ ಹೋಗಬಹುದು ಅಂಕಲ್ ಎಂದಳು. ಸರಿ ಎಂದು ಜೇಬಿಗೆ ಹಾಕಿಕೊಂಡೆ.

ಎರಡನೇ ಸಾಲು ಇನ್ನೂ ಕೂತಿಲ್ಲ. ಮೇಷ್ಟ್ರು ಹದಿನಾಲ್ಕು ಸಲ ತಟ್ಟಿದರು. ಮಧ್ಯೆ ಪಕ್ಕದ ಮನೆಯಾಕೆ ಹಾಡು ಕೇಳಬೇಕೆಂದು ಬಾಗಿಲು ತಳ್ಳಿಕೊಂಡು ಬಂದಳು, ಜೊತೆಗೆ ಇನ್ನಿಬ್ಬರು. ಇಲ್ಲಿ ಸಂಗೀತ ಕಚೇರಿ ನಡೆಯುತ್ತಿಲ್ಲ ಎಂದು ಕಳಿಸಿದೆ. ಮತ್ತೆ ಯಾರೂ ಬರದಿರಲೆಂದು ಒಳಗಿನಿಂದ ಕೀ ತಿರುಗಿಸಿ, ಕೀಯನ್ನು ಬೀಗದಲ್ಲೇ ಬಿಟ್ಟು ಬಂದು ಕೂತೆ.

ಆರು ಗಂಟೆಗೆ ಮಗಳು ಬಂದು ಹೊರಗೆ ಬಾಗಿಲು ಬಡಿಯುತ್ತಿದ್ದಳಂತೆ. ನಮ್ಮಿಬ್ಬರಿಗೂ ಬಹಳ ಹೊತ್ತು ಕೇಳಿಸಲೇ ಇಲ್ಲ.